ಕ್ಲಚ್ ಕವರ್‌ಗೆ ಸಿಲಿಕಾನ್ ಹಾಕಿದ್ರೂ ಆಯಿಲ್ ತೊಟ್ಟಿಕ್ತಾ ಇದೆ, ಎಲ್ಲಿ ಎಡವಟ್ಟಾಯ್ತು?

ಅಡಿಕೆತೋಟ_ಕೊಪ್ಪ:

ಎಲ್ಲರಿಗೂ ನಮಸ್ಕಾರ. ನಂದು 2012ರ 100 ಸಿಸಿ ಬೈಕು, ತೋಟಕ್ಕೂ ಅದೇ ಪೇಟೆಗೂ ಅದೇ. ಕ್ಲಚ್ ಪ್ಲೇಟ್ ಸವೆದುಹೋಗಿ ಘಾಟಿ ಹತ್ತೋವಾಗ ಬರೀ ಕೂಗಾಟ, ಗಾಡಿ ಮಾತ್ರ ಮುಂದೆ ಹೋಗ್ತಿರ್ಲಿಲ್ಲ. ಈ ಮಳೇಲಿ ಪೇಟೆಗೆ ಹೋಗಿ ಗ್ಯಾರೇಜಲ್ಲಿ ದಿನಗಟ್ಟಲೆ ಬಿಟ್ಟು ಬರೋದು ಯಾರು ಅಂತ ವಿಡಿಯೋ ನೋಡ್ಕೊಂಡು ನಾನೇ ಬಲಗಡೆ ಕವರ್ ಬಿಚ್ಚಿ ಪ್ಲೇಟ್ ಹಾಕ್ದೆ. ಅಲ್ಲೀವರೆಗೆ ಎಲ್ಲಾ ಚೆನ್ನಾಗೇ ಆಯ್ತು, ನನ್ನ ಬೆನ್ನು ನಾನೇ ತಟ್ಕೊಂಡೆ.

ಕವರ್ ತೆಗೆಯೋವಾಗ ಪೇಪರ್ ಪ್ಯಾಕಿಂಗ್ (ಗ್ಯಾಸ್ಕೆಟ್) ಅರ್ಧ ಇಂಜಿನ್ ಕಡೆ ಅರ್ಧ ಕವರ್ ಕಡೆ ಅಂಟ್ಕೊಂಡು ಹರಿದುಹೋಯ್ತು. ಹೊಸ ಪ್ಯಾಕಿಂಗ್ ನಮ್ಮೂರಲ್ಲಿ ಸಿಗಲ್ಲ. ಹಾರ್ಡ್‌ವೇರ್ ಅಂಗಡೀಲಿ ಕೇಳಿದ್ರೆ "ಸಿಲಿಕಾನ್ ಹಾಕಿ ಸಾಕು, ಎಲ್ಲಾ ಸಿಲಿಕಾನೂ ಒಂದೇ" ಅಂತ ಒಂದು ಟ್ಯೂಬ್ ಕೊಟ್ರು, ಬಾತ್‌ರೂಮ್ ಸಿಂಕ್ ಮೂಲೆಗೆಲ್ಲ ಹಾಕ್ತಾರಲ್ಲ ಆ ಥರದ್ದು, ಗಾಜಿನ ಹಾಗೆ ಪಾರದರ್ಶಕ. ಬಿಚ್ಚಿದ ತಕ್ಷಣ ಮೂಗಿಗೆ ವಿನೆಗರ್ ವಾಸನೆ ಹೊಡೀತು. ಹಳೇ ಪೇಪರನ್ನ ಹ್ಯಾಕ್ಸಾ ಬ್ಲೇಡಲ್ಲಿ ಕೆರೆದು, ಡೀಸೆಲ್ ಬಟ್ಟೇಲಿ ಒರೆಸಿ, ಕಮ್ಮಿ ಆದ್ರೆ ಲೀಕ್ ಆದೀತು ಅಂತ ಧಾರಾಳವಾಗಿ ಸುತ್ತ ಹಚ್ಚಿ ಬೋಲ್ಟ್ ಫುಲ್ ಟೈಟ್ ಮಾಡ್ದೆ. ಎರಡು ಗಂಟೆ ಬಿಟ್ಟು ಮುಟ್ಟಿ ನೋಡಿದ್ರೆ ರಬ್ಬರ್ ಥರ ಆಗಿತ್ತು, ಕೈಗೆ ಅಂಟ್ಲಿಲ್ಲ. ಸರಿ ಆಯ್ತು ಅಂತ ಆಯಿಲ್ ತುಂಬಿಸಿ ಕಿಕ್ ಹೊಡ್ದೆ.

ಮೂರನೇ ದಿನ ಗಾಡಿ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ದೋಸೆ ಅಗಲದ ಕಲೆ. ಹೊರಗೆ ಉಬ್ಬಿದ್ದ ಸಿಲಿಕಾನ್ ಎಳೆದ್ರೆ ಶಾವಿಗೆ ಥರ ಉದ್ದಕ್ಕೆ ಬಿಟ್ಕೊಂಡು ಬಂತು.

ನನ್ನ ಪ್ರಶ್ನೆ ಇಷ್ಟು. ಇದು ಒಣಗೋಕೆ ನಿಜವಾಗ್ಲೂ ಎಷ್ಟು ಹೊತ್ತು ಬೇಕು? ಮಳೆಗಾಲದಲ್ಲಿ ಒಣಗೋದೇ ಇಲ್ವಾ? ಹೊರಗಡೆಯಿಂದ ಇನ್ನೊಂದು ಸುತ್ತು ಬಳಿದ್ರೆ ನಿಲ್ಲತ್ತಾ ಅಥವಾ ಮತ್ತೆ ಬಿಚ್ಚಲೇಬೇಕಾ? ಮತ್ತೆ ಬಿಚ್ಚೋದು ಅಂದ್ರೆ ಹೊಟ್ಟೆ ಉರೀತದೆ.

ಗ್ಯಾರೇಜ್_ಹುಬ್ಬಳ್ಳಿ:

ಅಣ್ಣಾರ, ಮೊದ್ಲ ಗಾಡಿ ಓಡಸೂದು ಬಂದ್ ಮಾಡ್ರಿ. ಹೊರಗ ತೊಟ್ಟಿಕ್ಕೂ ಆಯಿಲ್ ಬಗ್ಗೆ ನಾ ಹೇಳಾಕತ್ತಿಲ್ಲ, ಆಯಿಲ್ ಏನ್ ಹೋದ್ರ ತುಂಬಿಸಬೌದು. ನೀವು ಧಾರಾಳ ಹಚ್ಚೀನಿ ಅಂದ್ರಲ್ಲ, ಹೊರಗ ಎಷ್ಟು ಉಬ್ಬಿ ಬಂದೈತೋ ಒಳಗೂ ಅಷ್ಟ ಉಬ್ಬಿರ್ತೈತಿ. ಹೊರಗಿಂದು ಶಾವಿಗಿ ಹಂಗ ಕಿತ್ತು ಬಂತು ಅಂದ್ರ ಒಳಗಿಂದು ಬಿಸಿ ಆಯಿಲ್‌ನ್ಯಾಗ ಕುದ್ದು ಕಿತ್ತು ಬೀಳೂದು ಗ್ಯಾರಂಟಿ. ನಿಮ್ಮ ಆ ಕವರ್ ಹಿಂದ ಕೆಳಗಡೆ ಆಯಿಲ್ ಜಾಳಿ ಇರ್ತೈತಿ ನೋಡ್ರಿ, ಪಂಪ್ ಆಯಿಲ್ ಎಳಕೊಳ್ಳೂದು ಅದರಾಗಿಂದ. ಸಿಲಿಕಾನ್ ಚೂರು ಅಲ್ಲಿ ಹೋಗಿ ಕುಂತ್ರ ಪಂಪ್ ಉಪವಾಸ, ಮ್ಯಾಲೆ ಹೆಡ್ಡಿಗೆ ಆಯಿಲ್ ಏರಂಗಿಲ್ಲ, ಮೊದ್ಲ ಕ್ಯಾಮ್ (ವಾಲ್ವ್ ತಗದು ಮುಚ್ಚೂ ಶಾಫ್ಟು) ಹೋಗ್ತೈತಿ. ನನ್ನ ಕಡೆ ಹಿಂಗ ಒಂದು ಗಾಡಿ ಬಂದಿತ್ತು, ಮಾಲಕ ಹೆಡ್ನ್ಯಾಗ ಸೌಂಡ್ ಅಂತ ತಂದಿದ್ದ. ಬಿಚ್ಚಿ ನೋಡಿದ್ರ ಜಾಳಿ ತುಂಬ ಸಿಲಿಕಾನು, ಅವಲಕ್ಕಿ ಹಾಕಿದಂಗ.

ಹೊರಗಿಂದ ಬಳಿಯೂದು ಉಪಯೋಗಿಲ್ರಿ. ಒಳಗಿಂದ ಎಣ್ಣಿ ತಳ್ಳಾಕತ್ತೈತಿ, ಎಣ್ಣಿ ಹತ್ತಿದ ಲೋಹಕ್ಕ ಯಾವ ಬಾಂಡೂ ಹಿಡಿಯಂಗಿಲ್ಲ. ಬಿಚ್ಚಾಕ ಬೇಕು. ಬಿಚ್ಚೂ ಮುಂದ ಒಂದು ರಟ್ಟಿನ ಮ್ಯಾಲೆ ಕವರಿನ ಚಿತ್ರ ಬರದು, ಎಲ್ಲೆಲ್ಲಿ ಬೋಲ್ಟ್ ಐತಿ ಅಲ್ಲಲ್ಲಿ ತೂತು ಮಾಡಿ, ಬಿಚ್ಚಿದ ಬೋಲ್ಟು ಅದದ ತೂತಿನ್ಯಾಗ ಚುಚ್ಚಿ ಇಡ್ರಿ. ಎಲ್ಲಾ 8 ನಂಬರ್ ಸ್ಪ್ಯಾನರ್ ಬೋಲ್ಟ ಆದ್ರೂ ಉದ್ದ ಬ್ಯಾರೆ ಬ್ಯಾರೆ ಇರ್ತಾವ. ಉದ್ದಂದು ಗಿಡ್ಡ ಜಾಗಾದಾಗ ಹಾಕಿ ತಿರುವಿದ್ರ ಅಲ್ಯೂಮಿನಿಯಂ ಬಿರಕ್ ಬಿಡ್ತೈತಿ, ಗಿಡ್ಡಂದು ಉದ್ದ ಜಾಗಾದಾಗ ಹಾಕಿದ್ರ ಎರಡೇ ಎಳಿ ಹಿಡದು ಥ್ರೆಡ್ ಕಿತ್ತು ಬರ್ತೈತಿ. ಕವರ್ ಸರಿ ಜಾಗಾದಾಗ ಕುಂದ್ರಿಸಾಕ ಎರಡು ಡೋವೆಲ್ ಪಿನ್ ಇರ್ತಾವ, ಅವನ್ನ ಕಳಕೋಬ್ಯಾಡ್ರಿ.

ಇನ್ನ ಪ್ಯಾಕಿಂಗ್. ಪೇಪರ್ ಪ್ಯಾಕಿಂಗ್ ಇದ್ದ ಜಾಗಾಕ್ಕ ಪೇಪರ್ರ ಹಾಕಬೇಕ್ರಿ. ಅದು ಬರೇ ಲೀಕ್ ತಡೀಲಿಕ್ಕೆ ಅಲ್ಲ, ಅದರ ದಪ್ಪ ಲೆಕ್ಕಾ ಹಿಡದು ಒಳಗಿನ ಶಾಫ್ಟು ಗೇರು ಕುಂದ್ರಿಸಿರ್ತಾರ. ಪೇಪರ್ ತಗದು ಬರೇ ಸಿಲಿಕಾನ್ ಹಾಕಿ ಟೈಟ್ ಮಾಡಿದ್ರ ಆ ಅರ್ಧ ಎಂಎಂ ಸಂದು ಹೋಗಿ ಕಿಕ್ ಶಾಫ್ಟ್ ಬಿಗಿ ಆಗಬೌದು. ನಿಮ್ಮೂರಾಗ ಸಿಗಂಗಿಲ್ಲ ಅಂದ್ರ ಪ್ಯಾಕಿಂಗ್ ಶೀಟ್ ತಂದು ನೀವ ಕಟ್ ಮಾಡಬೌದು. ನಮ್ಮ ಉಸ್ತಾದ್ರು ಕಲಿಸಿದ್ದು ಹೇಳ್ತೀನಿ: ಶೀಟು ಕವರ್ ಮ್ಯಾಲೆ ಹಾಸಿ, ಎರಡು ಬೋಲ್ಟ್ ತೂರಿಸಿ ಜಾರದಂಗ ಹಿಡದು, ಬಾಲ್ ಹ್ಯಾಮರಿನ ಗುಂಡು ಕಡಿಯಿಂದ ಅಂಚಿಗುಂಟ ಸಣ್ಣಗ ತಟ್ಟಕೋತ ಹೋಗ್ರಿ. ಹೊಡಿಯೂದಲ್ಲ, ತಟ್ಟೂದು, ಮಗು ಮಲಗಿಸಿದಂಗ. ಅಂಚಿನ ಗುರುತು ಶೀಟಿನ ಮ್ಯಾಲೆ ಮೂಡಿ ತಾನ ಕತ್ತರಿಸಿಕೋತ ಬರ್ತೈತಿ. ಬೋಲ್ಟ್ ತೂತಿಗೆ ಹಳೇ ಬೇರಿಂಗಿನ ಗುಂಡು ಇಟ್ಟು ಒಂದು ಏಟು ಕೊಟ್ರ ದುಂಡಗ ತೂತು. ಹಳೇ ಪ್ಯಾಕಿಂಗ್ ತುಂಡು ಅಂಗಡಿಗೆ ತಗೊಂಡು ಹೋಗಿ ಅದರ ದಪ್ಪದ ಶೀಟ ಕೇಳ್ರಿ.

ಪೇಪರ್ ಜೊತಿಗೆ ಸಿಲಿಕಾನ್ ಬೇಕಾ ಅಂದ್ರ ಕವರು ಇಂಜಿನ್ನು ಕೂಡೂ ಮುಖ ಸರಿ ಇದ್ರ ಬ್ಯಾಡ. ಒಂದಿಷ್ಟು ಗ್ರೀಸ್ ಒರಸ್ರಿ, ಮುಂದಿನ ಸರ್ತಿ ಹರೀಲಾರದಂಗ ಎದ್ದು ಬರ್ತೈತಿ. ಬ್ಲೇಡಿನಾಗ ಕೆರದೀನಿ ಅಂದ್ರಿ, ಗೀರು ಬಿದ್ದಿದ್ರ ಆ ಜಾಗಾದಾಗ ಅಷ್ಟ ಕರೀ ಅನಾಬಾಂಡ್ (ಇಂಜಿನ್ನಿಗೆ ಹಚ್ಚೂ ಸಿಲಿಕಾನ್) ಬೆರಳ ತುದೀಲೆ ಸವರಿ. ಮೊದ್ಲೆಲ್ಲಾ ನಾವು ಶೆಲಾಕ್ (ಅರಗಿನ ಅಂಟು) ಹಚ್ಚತಿದ್ವಿ, ಕಲ್ಲಾಗಿ ಕುಂತು ಬಿಚ್ಚೂ ಮುಂದ ಜೀವ ತಿಂತಿತ್ತು.

ಮೇಷ್ಟ್ರು_ಮೈಸೂರು:

ಹುಬ್ಬಳ್ಳಿಯವರು ಕೈಕೆಲಸದ ಮಾತು ಹೇಳಿದ್ದಾರೆ, ಅದರ ಮೇಲೆ ನಾನು ಹೇಳೋದು ಏನೂ ಇಲ್ಲ. "ಒಣಗೋಕೆ ಎಷ್ಟು ಹೊತ್ತು" ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ, ಯಾಕಂದ್ರೆ ಎಡವಟ್ಟಾಗಿರೋದು ಆ ಒಂದು ಪದದಲ್ಲೇ. ಸಿಲಿಕಾನ್ ಒಣಗಲ್ಲ ಕಣ್ರೀ. ಪೇಂಟ್ ಒಣಗುತ್ತೆ, ಅಂದ್ರೆ ಒಳಗಿನ ಥಿನ್ನರ್ ಹಾರಿಹೋಗುತ್ತೆ. ಸಿಲಿಕಾನ್ ಅದಕ್ಕೆ ತದ್ವಿರುದ್ಧ, ಗಾಳಿಯಲ್ಲಿರೋ ನೀರಿನ ತೇವ ಎಳ್ಕೊಂಡು ಗಟ್ಟಿಯಾಗುತ್ತೆ. ಮನೆ ಕಟ್ಟೋವಾಗ ಸಿಮೆಂಟಿಗೆ ದಿನಾ ನೀರು ಹೊಡೆದು ಕ್ಯೂರಿಂಗ್ ಮಾಡ್ತೀವಲ್ಲ, ಇದೂ ಅದೇ ಕ್ಯೂರಿಂಗು. ಹಾಗಾಗಿ ನಿಮ್ಮ ಕೊಪ್ಪದ ಮಳೆಗಾಲ ಇದಕ್ಕೆ ಶತ್ರು ಅಲ್ಲ, ಸ್ನೇಹಿತ. ಲೋಹದ ಮೇಲೆ ನೀರಿನ ಪಸೆ ಇರಬಾರದು ಅಷ್ಟೇ, ಅಂಟು ಹಿಡಿಯಲ್ಲ. ಗಾಳಿಯಲ್ಲಿ ತೇವ ಇದ್ದಷ್ಟೂ ಒಳ್ಳೇದು.

ಆದ್ರೆ ತೇವ ಹೊರಗಿಂದ ಒಳಕ್ಕೆ ಇಳೀಬೇಕು. ಮೊದಲು ಮೇಲೆ ಹಾಲಿನ ಕೆನೆ ಥರ ಒಂದು ಪದರ ಕಟ್ಟುತ್ತೆ, ಅದಕ್ಕೆ ಸಾಮಾನ್ಯವಾಗಿ 10-20 ನಿಮಿಷ ಸಾಕು. ಮುಂದಿನ ತೇವ ಆ ಕೆನೆಯನ್ನ ದಾಟಿ ಹೋಗಬೇಕು, ಕೆನೆ ದಪ್ಪ ಆದಷ್ಟೂ ದಾರಿ ಉದ್ದ ಆಗುತ್ತೆ. ಮೊದಲ 24 ಗಂಟೆಯಲ್ಲಿ ಸುಮಾರು 2ರಿಂದ 3 ಎಂಎಂ ಗಟ್ಟಿಯಾಗುತ್ತೆ, ಟ್ಯೂಬ್ ಮೇಲೂ ಹಾಗೇ ಬರೆದಿರುತ್ತೆ. ಹಾಗಾದ್ರೆ ಎರಡು ದಿನಕ್ಕೆ 6 ಅಂತ ಎಲ್ಲರೂ ಲೆಕ್ಕ ಹಾಕ್ತಾರೆ, ತಪ್ಪು. ದಪ್ಪ ಎರಡರಷ್ಟಾದ್ರೆ ಹೊತ್ತು ನಾಲ್ಕರಷ್ಟು. 3 ಎಂಎಂಗೆ ಒಂದು ದಿನ ಅಂದ್ರೆ 6ಕ್ಕೆ ನಾಲ್ಕು ದಿನ, 9ಕ್ಕೆ ಒಂಬತ್ತು. ನೀವು ಎರಡು ಗಂಟೆಗೆ ಮುಟ್ಟಿ ನೋಡಿದ್ದು ಕೆನೆಯನ್ನ. ಕವರಿನ ಅಂಚು 5-6 ಎಂಎಂ ಅಗಲ ಇದ್ದೀತು, ಅದರ ನಡುವೆ ಸಿಲಿಕಾನ್ ಇನ್ನೂ ಹಸಿ ಪೇಸ್ಟೇ ಆಗಿತ್ತು. ಅದರ ಮೇಲೆ ಬಿಸಿ ಆಯಿಲ್ ಬಿಟ್ರಿ.

ಒಂದು ಸಣ್ಣ ಉಪಾಯ. ಕವರ್ ಮುಚ್ಚಿದ ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೆದಿಡಿ, ಧೂಳು ಬೀಳದ ಹಾಗೆ ತೆಳು ಬಟ್ಟೆ ಕಟ್ಟಿ. ಒಳಗಡೆಯಿಂದಲೂ ಗಾಳಿ ಆಡಿದ್ರೆ ಎರಡೂ ಕಡೆಯಿಂದ ಕ್ಯೂರ್ ಆಗುತ್ತೆ, 5 ಎಂಎಂ ಅಂಚು ಎರಡೂವರೆ ಎಂಎಂನ ಎರಡು ಪಾಲಾಗುತ್ತೆ. ಆಗ 24 ಗಂಟೆ ಸಾಕು. ಒಂದೇ ಕಡೆಯಿಂದ ಆದ್ರೆ ಮೂರು ದಿನ ಹಿಡಿದೀತು.

ಇನ್ನು ಆ ವಿನೆಗರ್ ವಾಸನೆ. ಅದು ವಾಸನೆ ಮಾತ್ರ ಅಲ್ಲ, ವಿನೆಗರಲ್ಲಿರೋ ಅಸಿಟಿಕ್ ಆಮ್ಲವೇ. ಬಾತ್‌ರೂಮಿನ ಅಗ್ಗದ ಸಿಲಿಕಾನ್ ಕ್ಯೂರ್ ಆಗೋವಾಗ ಅದನ್ನ ಹೊರಗೆ ಬಿಡುತ್ತೆ. ಗಾಜು, ಸೆರಾಮಿಕ್ಕಿಗೆ ಇದು ಚೆನ್ನಾಗಿ ಅಂಟುತ್ತೆ, ತೊಂದರೆ ಇಲ್ಲ. ತಾಮ್ರ ಹಿತ್ತಾಳೆಗೆ ಹಚ್ಚಿದ್ರೆ ಹಸಿರು ಹಿಡಿಯುತ್ತೆ, ಕಬ್ಬಿಣಕ್ಕೆ ತುಕ್ಕು, ಕರೆಂಟ್ ವೈರಿನ ಜಾಯಿಂಟಿಗೆ ಹಚ್ಚಿದ್ರಂತೂ ಮುಗೀತು. ಇಂಜಿನ್ನಿಗೆ ಬೇಕಾಗಿದ್ದು ನ್ಯೂಟ್ರಲ್ ಅಂತ ಬರೆದಿರೋದು. ಗ್ಯಾಸ್ಕೆಟ್ ಮೇಕರ್ ಅಂತ ಮಾರೋ ಕರಿ, ಬೂದು ಟ್ಯೂಬುಗಳು ಹೆಚ್ಚಿನವು ಈ ಜಾತಿ, ಆಮ್ಲದ ಬದಲು ಆಕ್ಸೈಮ್ ಅಥವಾ ಆಲ್ಕೋಹಾಲ್ ಬಿಡುತ್ತವೆ. ಅವುಗಳ ಹಬೆಯೂ ಕುಡಿಯೋ ವಸ್ತು ಅಲ್ಲ, ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಕೆಂಪು ಟ್ಯೂಬು ಹೆಚ್ಚು ಶಾಖಕ್ಕೆ. ಆ ಕೆಂಪು ನಿಮ್ಮ ಕೆಮ್ಮಣ್ಣಿನ ಕೆಂಪೇ, ಐರನ್ ಆಕ್ಸೈಡು, ಶಾಖ ತಡೆಯೋಕೆ ಅಂತಲೇ ಸೇರಿಸಿರ್ತಾರೆ.

ಸುಮ್ನೆ ಒಂದು ಮಾತು. ಬೆಂಗಳೂರನ್ನ ಸಿಲಿಕಾನ್ ಸಿಟಿ ಅಂತಾರಲ್ಲ ಆ ಸಿಲಿಕಾನ್ ಮರಳಿಂದ ತೆಗೆಯೋ ಮೂಲವಸ್ತು, ಚಿಪ್ ಮಾಡೋದು ಅದರಲ್ಲಿ. ಟ್ಯೂಬಿನಲ್ಲಿರೋದು ಸಿಲಿಕೋನ್, ಆ ಮೂಲವಸ್ತುವಿಗೆ ಆಮ್ಲಜನಕ ಪೋಣಿಸಿ ಮಾಡಿದ ಉದ್ದನೆ ಸರಪಳಿ. ಅಂಗಡಿಯಲ್ಲಿ ಎರಡೂ ಸಿಲಿಕಾನೇ, ನಾನೂ ಮೇಲೆಲ್ಲಾ ಹಾಗೇ ಬರೆದಿದ್ದೀನಿ, ಮಕ್ಕಳು ನೋಡಿದ್ರೆ ಮಾರ್ಕ್ಸ್ ಕಟ್.

ಅಡಿಕೆತೋಟ_ಕೊಪ್ಪ:

ಮೇಷ್ಟ್ರೇ, ಕೆನೆ ಅಂದ್ರಲ್ಲ, ಅಲ್ಲಿಗೆ ತಲೆಗೆ ಹೋಯ್ತು. ಇವತ್ತು ಮಧ್ಯಾಹ್ನ ಬಿಚ್ದೆ. ಐದು ದಿನ ಆಗಿದೆ, ಆದ್ರೂ ಕವರ್ ಎಬ್ಬಿಸಿದ ತಕ್ಷಣ ಮತ್ತೆ ಅದೇ ವಿನೆಗರ್ ವಾಸನೆ! ಬೋಲ್ಟ್ ಸುತ್ತ ಅಗಲ ಇರೋ ಜಾಗದಲ್ಲಿ ಮಧ್ಯೆ ಇನ್ನೂ ಅಂಟು ಅಂಟು, ಬೆರಳಿಗೆ ಹತ್ತಿತು. ಹುಬ್ಬಳ್ಳಿ ಅಣ್ಣ ಹೇಳಿದ್ ಹಾಗೆ ಜಾಳಿ ಎಳೆದು ನೋಡ್ದೆ, ಎದೆ ಧಸಕ್ಕಂತು. ಉಗುರಿನಷ್ಟುದ್ದದ್ದು ಎರಡು ಚೂರು, ಆಮೇಲೆ ಸಾಬುದಾನಿ ಥರದ್ದು ಒಂದಷ್ಟು. ಇನ್ನೊಂದು ವಾರ ಓಡಿಸಿದ್ರೆ ಏನಾಗ್ತಿತ್ತೋ. ರಟ್ಟಿನಲ್ಲಿ ಬೋಲ್ಟ್ ಚುಚ್ಚಿಟ್ಟಿದೀನಿ, ನೋಡಿದ್ರೆ ಹೋದ್ಸಲ ನಾನು ಒಂದು ಉದ್ದದ್ದು ಗಿಡ್ಡದ್ದು ಅದಲು ಬದಲು ಮಾಡಿದ್ದೆ ಅಂತ ಕಾಣತ್ತೆ, ಪುಣ್ಯಕ್ಕೆ ಥ್ರೆಡ್ ಉಳಿದಿದೆ.

ಈಗ ಈ ಹಳೇ ಸಿಲಿಕಾನ್ ತೆಗೆಯೋದು ಹೇಗೆ? ಪೆಟ್ರೋಲಲ್ಲಿ ಉಜ್ಜಿದ್ರೆ ಉಬ್ಬತ್ತೆ, ಕರಗಲ್ಲ.

ಗ್ಯಾರೇಜ್_ಹುಬ್ಬಳ್ಳಿ:

ಉಬ್ಬಲಿ ಬಿಡ್ರಿ, ಉಬ್ಬಿದ್ರ ಎಬ್ಬಿಸಾಕ ಸಲೀಸು. ಬ್ಲೇಡ್ ಮುಟ್ಟಬ್ಯಾಡ್ರಿ ಇನ್ನ. ಹಳೇ ಎಟಿಎಂ ಕಾರ್ಡ್ ಇದ್ರ ಅದರ ಅಂಚಿನಿಂದ ತಳ್ಳಿ ತಳ್ಳಿ ತಗೀರಿ, ಉಳಿದದ್ದು ಹೆಬ್ಬೆರಳಿನ್ಯಾಗ ಉಜ್ಜಿದ್ರ ಉರುಳಿ ಉರುಳಿ ಎದ್ದು ಬರ್ತೈತಿ. ಗ್ರೈಂಡರ್‌ಗೆ ಎಮರಿ ಹಾಕ್ಕೊಂಡು ಮುಖಾ ಉಜ್ಜತಾರ ಕೆಲವರು, ಅಲ್ಯೂಮಿನಿಯಂ ಮೆತ್ತಗಿರ್ತೈತಿ, ತಗ್ಗು ಬಿದ್ದುಬಿಡ್ತೈತಿ, ಹಂಗ ಮಾಡಬ್ಯಾಡ್ರಿ. ಬೋಲ್ಟ್ ತೂತಿನ ಒಳಗ ಸಿಲಿಕಾನ್ ತುಂಬಿರ್ತೈತಿ, ಕಡ್ಡೀಲೆ ತಗೀರಿ, ಇಲ್ಲಂದ್ರ ಬೋಲ್ಟ್ ಟೈಟ್ ಆದಂಗ ಕಾಣಸ್ತೈತಿ ಆದ್ರ ಕವರ್ ಕುಂತಿರಂಗಿಲ್ಲ.

ಕಡೀಕ ಡೀಸೆಲ್‌ಲೆ ಒರಸಬ್ಯಾಡ್ರಿ. ಡೀಸೆಲ್ ಅಂದ್ರೂ ಎಣ್ಣೀನ ಅಲ್ರಿ, ಪಸಿ ಉಳೀತೈತಿ. ಪೇಂಟ್ ಅಂಗಡ್ಯಾಗ ಥಿನ್ನರ್ ಸಿಗ್ತೈತಿ, ಇಲ್ಲಾ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ. ಬಿಳೀ ಬಟ್ಟೀಲೆ ಒರಸ್ರಿ, ಬಟ್ಟಿ ಬೆಳ್ಳಗ ಬರೂ ತನಕ. ಬೀಡಿ ಸಿಗರೇಟ್ ಹತ್ರ ಬ್ಯಾಡ.

ಸರ್ವಿಸ್_ಅಡ್ವೈಸರ್_ಬೆಂಗ್ಳೂರು:

ನಾನು ಕಾರ್ ವರ್ಕ್‌ಶಾಪ್ ಕಡೆಯವನು. ಬೈಕ್ ಕವರ್‌ಗೆ ಪೇಪರ್ ಹಾಕೋದು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಓದೋ ಬೇರೆಯವರು ಸಿಲಿಕಾನ್ ಅಂದ್ರೇನೇ ಕೆಟ್ಟದ್ದು ಅಂದ್ಕೋಬಾರ್ದು ಅಂತ ಬರೀತಿದೀನಿ. ಈಗಿನ ಎಷ್ಟೋ ಕಾರ್‌ಗಳ ಆಯಿಲ್ ಚೇಂಬರ್‌ಗೆ ಪ್ಯಾಕಿಂಗೇ ಇಲ್ಲ, ಫ್ಯಾಕ್ಟರಿಯಿಂದಲೇ ಸಿಲಿಕಾನ್ ಎಳೆದು ಕೂರಿಸಿರ್ತಾರೆ, ವರ್ಷಗಟ್ಟಲೆ ಒಂದು ಹನಿ ಬರಲ್ಲ. ಗುಟ್ಟು ಏನಂದ್ರೆ ಅವರು ಹಾಕೋದು 2-3 ಎಂಎಂ ದಪ್ಪದ ಒಂದೇ ಎಳೆ, ಎಲ್ಲೂ ಕಡೀದೆ, ಬೋಲ್ಟ್ ತೂತಿನ ಒಳಮಗ್ಗುಲಿಂದ ಸುತ್ತಿ ಬರೋ ಹಾಗೆ. ತೂತಿನ ಹೊರಗಿಂದ ಮಾತ್ರ ಎಳೆದ್ರೆ ಆಯಿಲ್ ಬೋಲ್ಟ್ ಥ್ರೆಡ್ ಹಿಡ್ಕೊಂಡು ಹೊರಗೆ ಬರತ್ತೆ, ನೋಡಿದವರಿಗೆ ಬೋಲ್ಟ್ ಬೆವರ್ತಿದೆ ಅನ್ಸತ್ತೆ.

ಟೈಟ್ ಮಾಡೋ ವಿಷ್ಯದಲ್ಲಿ ಗ್ಯಾರೇಜಿಗೊಂದು ಮಾತು. ಕೈ ಬಿಗಿ ಮಾಡಿ ಒಂದು ಗಂಟೆ ಬಿಟ್ಟು ಆಮೇಲೆ ಕಾಲು ಸುತ್ತು ತಿರುಗಿಸಿ ಅಂತ ಕೆಲವು ಟ್ಯೂಬ್ ಮೇಲೆ ಇರತ್ತೆ. ಹಚ್ಚಿದ ಕೆಲವೇ ನಿಮಿಷದೊಳಗೆ ಕೂರಿಸಿ ಆಗಲೇ ಪೂರ್ತಿ ಟೈಟ್ ಮಾಡಿ ಅಂತ ಕಾರ್ ಕಂಪನಿ ಮ್ಯಾನುಯಲ್‌ನಲ್ಲಿ ಇರತ್ತೆ. ಎರಡೂ ಸರಿ, ಕೆಲಸ ಬೇರೆ. ಒಂದು ಗಂಟೆ ಬಿಟ್ಟು ಬಿಗಿದ್ರೆ ಮಧ್ಯೆ ರಬ್ಬರ್ ಪದರ ಒಂದು ದಪ್ಪ ಉಳಿಯತ್ತೆ, ತಗಡಿನ ಕವರ್, ಸೊಟ್ಟ ಪಟ್ಟ ಇರೋ ಮುಖಕ್ಕೆ ಅದು ಬೇಕು. ಆಗಲೇ ಬಿಗಿದ್ರೆ ಲೋಹಕ್ಕೆ ಲೋಹ ತಾಗಿ ನಡುವೆ ಕೂದಲೆಳೆ ಅಷ್ಟೇ ಉಳಿಯತ್ತೆ, ಮಟ್ಟಸ ಕಡೆದ ಮುಖಕ್ಕೆ ಅದೇ ಚೆಂದ. ಕೆನೆ ಕಟ್ಟಿದ ಮೇಲೆ ಕವರ್ ತಂದು ಒತ್ತೋದು ಮಾತ್ರ ಯಾವ ಲೆಕ್ಕದಲ್ಲೂ ಸರಿ ಅಲ್ಲ. ಹಚ್ಚಿಟ್ಟು ಟೀ ಕುಡಿಯೋಕೆ ಹೋದ್ರೆ ಅದನ್ನ ಒರೆಸಿ ಹೊಸದು ಹಾಕ್ಬೇಕು. ಆ ಸಣ್ಣ ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ) ಆಸುಪಾಸು ಸಾಕು, ಎದುರು ಬದುರು ಬಿಗೀತಾ ಬನ್ನಿ.

ಬಿಎಸ್ 6 (ಹೊಗೆ ನಿಯಮ) ಗಾಡಿ ಇರೋರು ಇನ್ನೊಂದು ನೆನಪಿಟ್ಕೊಳ್ಳಿ. ಏಪ್ರಿಲ್ 2020ರಿಂದ ಬಂದ ಗಾಡಿಗಳಲ್ಲಿ ಸೈಲೆನ್ಸರ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇರತ್ತೆ. ಕೆಲವು ಸಿಲಿಕಾನ್ ಕ್ಯೂರ್ ಆಗೋವಾಗ ಬಿಡೋ ಹಬೆ ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪ್ ಹಿಡಿದು ಏರ್ ಬಾಕ್ಸ್, ಅಲ್ಲಿಂದ ಸಿಲಿಂಡರ್, ಅಲ್ಲಿ ಉರಿದು ಸೆನ್ಸರ್ ಮೇಲೆ ಬಿಳಿ ಪುಡಿಯಾಗಿ ಕೂರತ್ತೆ. ಸೆನ್ಸರ್ ಸೇಫ್ ಅಂತ ಬರೆದಿರೋದನ್ನೇ ತಗೊಳ್ಳಿ. 2012ರ ಕಾರ್ಬುರೇಟರ್ ಗಾಡಿಗೆ ಈ ತಲೆಬಿಸಿ ಇಲ್ಲ.

ಕರಾವಳಿ_ರೈಡರ್:

ಕಾರ್ಬುರೇಟರ್ ಅಂದ್ರಲ್ಲ, ನನ್ನದು ಅದ್ರ ಕೆಳಗಿನ ಬೌಲ್‌ನಿಂದ ಪೆಟ್ರೋಲ್ ಒಸರ್ತದೆ ಮಾರಾಯ್ರೆ. ಈ ಕರಿ ಟ್ಯೂಬ್ ಅಲ್ಲಿಗೂ ಆಗ್ತದಾ?

ಸರ್ವಿಸ್_ಅಡ್ವೈಸರ್_ಬೆಂಗ್ಳೂರು:

ಬೇಡವೇ ಬೇಡ. ಮೇಲೆ ಅವರೇ ಹೇಳಿದ್ರಲ್ಲ ಪೆಟ್ರೋಲಲ್ಲಿ ಉಬ್ಬತ್ತೆ ಅಂತ. ಉಬ್ಬಿ ಮೆತ್ತಗಾಗಿ ತುಂಡಾಗತ್ತೆ, ತುಂಡು ಹೋಗಿ ಜೆಟ್‌ನಲ್ಲಿ (ಪೆಟ್ರೋಲ್ ಹಾಯೋ ಸಣ್ಣ ತೂತು) ಕೂರತ್ತೆ, ಆಮೇಲೆ ಗಾಡಿ ಯಾಕೆ ನಿಂತೋಯ್ತು ಅಂತ ಇನ್ನೊಂದು ಪ್ರಶ್ನೆ ಹಾಕ್ತೀರ. ಬೌಲ್ ಓ ರಿಂಗ್ ಚಿಲ್ಲರೆ ದುಡ್ಡಿಗೆ ಸಿಗತ್ತೆ, ಅದನ್ನೇ ಬದಲಾಯಿಸಿ. ಫ್ಲೋಟ್ ಪಿನ್ ಸವೆದಿದ್ರೂ ಪೆಟ್ರೋಲ್ ಹೊರಗೆ ಬರತ್ತೆ, ಅದನ್ನೂ ನೋಡಿ.

ರಿಯಾದ್_ಕನ್ನಡಿಗ:

ಮೇಷ್ಟ್ರು ಹೇಳಿದ ತೇವದ ಮಾತಿಗೆ ನಂದೊಂದು ಸಾಕ್ಷಿ. ನಾನು ಇಲ್ಲಿ ಎಸಿ ಮೆಂಟೆನೆನ್ಸ್ ಕೆಲಸದಲ್ಲಿದ್ದೀನಿ, ಊರು ಕುಂದಾಪುರ. ಊರಲ್ಲಿ ಸಿಲಿಕಾನ್ ಹಚ್ಚಿ ಊಟ ಮಾಡಿ ಬರೋದ್ರೊಳಗೆ ಕೆನೆ ಕಟ್ಟಿರ್ತದೆ. ಇಲ್ಲಿ ಬಂದ ಹೊಸದ್ರಲ್ಲಿ ಬೇಸಿಗೆ ದಿನ ಡಕ್ಟ್ ಜಾಯಿಂಟಿಗೆ ಹಚ್ಚಿ ಮಾರನೇ ದಿನ ನೋಡಿದ್ರೆ ಹಸಿ ಹಸಿ. ಟ್ಯೂಬ್ ಎಕ್ಸ್‌ಪೈರಿ ಆಗಿದೆ ಅಂತ ಸ್ಟೋರಿನವ್ನ ಜೊತೆ ಜಗಳ ಮಾಡಿ ಹೊಸ ಟ್ಯೂಬ್ ತಗೊಂಡೆ, ಅದೂ ಹಾಗೇ. ಆಮೇಲೆ ಒಬ್ಬ ಹಿರಿಯ ಫೋರ್‌ಮ್ಯಾನ್ ಹೇಳಿದ್ರು, ಇಲ್ಲಿ ಗಾಳೀಲಿ ನೀರೇ ಇಲ್ಲ, ಅದಕ್ಕೆ ಕುಡಿಯೋಕೆ ಏನಿದೆ ಅಂತ. ನಲವತ್ತು ಡಿಗ್ರಿ ಬಿಸಿಲಿದ್ರೆ ಬೇಗ ಗಟ್ಟಿಯಾಗ್ತದೆ ಅಂದ್ಕೊಂಡಿದ್ದೆ ನಾನು. ಈಗ ಕೆನೆ ಕಟ್ಟಿದ ಮೇಲೆ ಸ್ಪ್ರೇ ಬಾಟಲಿಂದ ಸಣ್ಣಗೆ ನೀರು ಹೊಡೀತೇನೆ, ಹತ್ರ ಒದ್ದೆ ಬಟ್ಟೆ ಇಡ್ತೇನೆ. ರಾಯಚೂರು ಬಳ್ಳಾರಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಕೆಲಸ ಮಾಡೋರಿಗೂ ಇದು ಉಪಯೋಗ ಆಗ್ಬಹುದು. ಹೇರ್ ಡ್ರೈಯರ್ ಹಿಡಿಯೋದು, ಬಿಸಿಲಿಗೆ ಇಡೋದು ಇದೆಲ್ಲ ಒಣ ಗಾಳಿ ಊದಿದ ಹಾಗೆ ಅಷ್ಟೇ.

ಆದ್ರೂ ಎಕ್ಸ್‌ಪೈರಿ ನೋಡಿ. ಹಳೇ ಟ್ಯೂಬ್ ಎಷ್ಟು ದಿನ ಬಿಟ್ರೂ ಕೆಲವೊಮ್ಮೆ ಸರಿಯಾಗಿ ಕ್ಯೂರ್ ಆಗುದಿಲ್ಲ. ಅನುಮಾನ ಇದ್ರೆ ಕೆಲಸಕ್ಕೆ ಮುಂಚೆ ರಟ್ಟಿನ ಮೇಲೆ ಒಂದು ಚುಕ್ಕೆ ಹಾಕಿ ಒಂದು ದಿನ ಬಿಟ್ಟು ನೋಡಿ.

ಗೃಹಿಣಿ_ದಾವಣಗೆರೆ:

ಗಂಡಸ್ರ ಇಂಜಿನ್ ಮಾತಿನ ಮಧ್ಯೆ ನಂದೊಂದು ಪ್ರಶ್ನೆ. ಕುಕ್ಕರ್ ಗ್ಯಾಸ್ಕೆಟ್ ಒಂದು ಕಡೆ ಸಣ್ಣಗೆ ಬಿರುಕು ಬಿಟ್ಟಿದೆ, ವಿಷಲ್ ಬರೋದ್ರೊಳಗೆ ಅಲ್ಲಿಂದ ಬುಸ್ ಅನ್ನತ್ತೆ. ಗ್ಯಾಸ್ಕೆಟ್ಟೂ ಸಿಲಿಕಾನೇ ಅಂತಾರೆ, ಟ್ಯೂಬ್ ಸಿಲಿಕಾನ್ ಹಚ್ಚಿ ಸರಿ ಮಾಡ್ಬಹುದಾ? ಮಿಕ್ಸಿ ಜಾರ್ ಕೆಳಗೂ ಸೋರತ್ತೆ, ನಮ್ಮೆಜಮಾನ್ರು ಅದಕ್ಕೂ ಅದನ್ನೇ ಹಚ್ಚೋಣ ಅಂತ ಕೂತಿದಾರೆ.

ಮೇಷ್ಟ್ರು_ಮೈಸೂರು:

ಅಮ್ಮಾ, ಎರಡಕ್ಕೂ ಬೇಡ, ಯಜಮಾನ್ರ ಕೈಯಿಂದ ಟ್ಯೂಬ್ ಇಸ್ಕೊಳ್ಳಿ. ಕುಕ್ಕರ್ ರಿಂಗನ್ನ ಫ್ಯಾಕ್ಟರಿಯಲ್ಲಿ ಅಚ್ಚಿಗೆ ಹಾಕಿ ಬಿಸಿ ಒತ್ತಡದಲ್ಲಿ ಬೇಯಿಸಿ ಮಾಡಿರ್ತಾರೆ, ನೀವು ಹಚ್ಚೋ ಪಟ್ಟಿ ಅದರ ಜೊತೆ ಒಂದಾಗಲ್ಲ, ಒತ್ತಡ ಬಂದಾಗ ಅಲ್ಲೇ ಕಿತ್ಕೊಳ್ಳುತ್ತೆ. ಆ ದಪ್ಪದಿಂದ ಮುಚ್ಚಳ ಸರಿಯಾಗಿ ಕೂರದೇ ಹೋದ್ರೆ ಇನ್ನೂ ಅಪಾಯ. ಜೊತೆಗೆ ಆಹಾರಕ್ಕೆ ಆಗುತ್ತೆ ಅಂತ ಟ್ಯೂಬ್ ಮೇಲೆ ಬರೆದಿಲ್ಲದಿದ್ರೆ ಅಡುಗೆ ಸಾಮಾನಿನ ಹತ್ರವೂ ತರಬಾರದು. ನಿಮ್ಮ ಕುಕ್ಕರಿನ ಕಂಪನಿ, ಲೀಟರ್ ನೋಡಿ ಅದೇ ಅಳತೆಯ ರಿಂಗ್ ತನ್ನಿ. ಮಿಕ್ಸಿ ಜಾರ್ ಕೆಳಗೆ ಸೋರೋದು ಬ್ಲೇಡ್ ಕೂತಿರೋ ಬುಷ್ ಸವೆದು, ತಿರುಗೋ ಶಾಫ್ಟಿಗೆ ಸಿಲಿಕಾನ್ ನಿಲ್ಲಲ್ಲ, ಎರಡು ಸಲ ಚಟ್ನಿ ರುಬ್ಬಿದ್ರೆ ಚಟ್ನಿಯಲ್ಲೇ ಬರುತ್ತೆ. ರಿಪೇರಿ ಅಂಗಡಿಯಲ್ಲಿ ಬುಷ್ ಬದಲಾಯಿಸಿ ಕೊಡ್ತಾರೆ.

ಮೀನಿನ_ತೊಟ್ಟಿ:

ಗಾಜಿನ ತೊಟ್ಟಿ ಮಾಡೋರಿಗೆ ಎರಡು ಮಾತು. ವಿನೆಗರ್ ವಾಸನೆಯ ಸಿಲಿಕಾನ್ ಇಲ್ಲಿ ರಾಜ, ಗಾಜಿಗೆ ಅದೇ ಬೇಕು. ಆದ್ರೆ ಬಾತ್‌ರೂಮಿಗೆ ಅಂತ ಬರೋದ್ರಲ್ಲಿ ಬೂಷ್ಟು ಹಿಡೀದಿರ್ಲಿ ಅಂತ ಔಷಧಿ ಬೆರೆಸಿರ್ತಾರೆ, ಬೂಷ್ಟಿನ ಜೊತೆ ಮೀನೂ ಸಾಯುತ್ತೆ. ಅಕ್ವೇರಿಯಂ ಅಂತ ಬರೆದಿದ್ರೆ ಮಾತ್ರ ತಗೊಳ್ಳಿ. ಒಂದು ವಾರ ಬಿಡಿ, ಮೂಗಿಟ್ಟು ನೋಡಿ ವಾಸನೆ ಪೂರ್ತಿ ಹೋಗಿರ್ಬೇಕು, ಆಮೇಲೆ ನೀರು ತುಂಬಿ ಒಂದೆರಡು ದಿನ ಪರೀಕ್ಷೆ ಮಾಡಿ ಆ ನೀರು ಚೆಲ್ಲಿ. ಹಳೇ ತೊಟ್ಟಿ ಸೋರಿದ್ರೆ ಹಳೇ ಸಿಲಿಕಾನ್ ಮೇಲೆ ಹೊಸದು ಬಳಿಯೋದು ದಂಡ, ಪೂರಾ ಕೆರೆದೇ ಹಾಕ್ಬೇಕು.

ಟಿಂಕರಿಂಗ್_ಪೇಂಟಿಂಗ್:

ನಮ್ಮ ಶೆಡ್ ಹತ್ರ ಯಾರಾದ್ರೂ ಸಿಲಿಕಾನ್ ಟ್ಯೂಬ್ ತಂದ್ರೆ ನಾನು ಬೈದು ಓಡಿಸ್ತೀನಿ 😀 ಅದನ್ನ ಮುಟ್ಟಿದ ಕೈಯಲ್ಲಿ ಬಾಡಿ ಮುಟ್ಟಿದ್ರೂ ಸಾಕು, ಪೇಂಟ್ ಹೊಡೆದ ಮೇಲೆ ಅಲ್ಲಿ ಮೀನಿನ ಕಣ್ಣಿನ ಥರ ಗುಂಡು ಗುಂಡು ಕುಳಿ ಬೀಳತ್ತೆ. ಟ್ಯಾಂಕ್ ಪೇಂಟ್ ಮಾಡಿಸೋರು ಸಿಲಿಕಾನ್ ಕೆಲಸ ಆಮೇಲೆ ಇಟ್ಕೊಳ್ಳಿ.

ಅಡಿಕೆತೋಟ_ಕೊಪ್ಪ:

ಸುದ್ದಿ ಹೇಳೋಣ ಅಂತ ಬಂದೆ. ಶಿವಮೊಗ್ಗಕ್ಕೆ ಹೋಗೋರ ಕೈಲಿ ಹೇಳಿ ಕಳಿಸಿ ರೆಡಿಮೇಡ್ ಪ್ಯಾಕಿಂಗೇ ಬಂತು, 40 ರೂಪಾಯಿ. ಅದಕ್ಕೆ ಮುಂಚೆ ಹುಬ್ಬಳ್ಳಿ ಅಣ್ಣನ ಪಾಠ ನೋಡೇ ಬಿಡೋಣ ಅಂತ ಶೀಟ್ ಕಟ್ ಮಾಡೋಕೆ ಕೂತಿದ್ದೆ, ಮೊದಲನೇದು ಕೆಟ್ಟೋಯ್ತು, ಎರಡನೇದು ಪರವಾಗಿಲ್ಲ ಅನ್ನೋ ಹಾಗೆ ಬಂತು. ಬೇರಿಂಗ್ ಗುಂಡಿಟ್ಟು ತೂತು ಹೊಡೆಯೋದು ನೋಡಿ ನನ್ನ ಮಗ ಇಡೀ ಮಧ್ಯಾಹ್ನ ರಟ್ಟಿಗೆಲ್ಲ ತೂತು ಹೊಡ್ಕೊಂಡು ಕೂತ. ಆದ್ರೂ ಅಂಗಡೀದನ್ನೇ ಹಾಕ್ದೆ, ನಂದು ಡಿಕ್ಕೀಲಿ ಸ್ಪೇರ್ ಇಟ್ಟಿದೀನಿ.

ಎಟಿಎಂ ಕಾರ್ಡಲ್ಲಿ ಕೆರೆದು, ಥಿನ್ನರಲ್ಲಿ ಬಟ್ಟೆ ಬೆಳ್ಳಗೆ ಬರೋವರೆಗೆ ಒರೆಸ್ದೆ, ನಾಲ್ಕು ಬಟ್ಟೆ ಹೋಯ್ತು. ಕೆಳಗಡೆ ನನ್ನ ಬ್ಲೇಡಿನ ಗೀರು ಒಂದು ಉಗುರಿಗೆ ತಾಗ್ತಿತ್ತು, ಅಲ್ಲಿಗೆ ಮಾತ್ರ ಕರಿ ನ್ಯೂಟ್ರಲ್ ಸಿಲಿಕಾನ್ ಸವರಿ, ಉಳಿದ ಕಡೆ ಗ್ರೀಸ್. ಆಯಿಲ್ ಮುಚ್ಚಳ ತೆಗೆದು ಪಂಚೆ ತುಂಡು ಕಟ್ಟಿ ಒಂದೂವರೆ ದಿನ ಬಿಟ್ಟೆ, ಹೆಂಡತಿ ಕೇಳಿದ್ಲು ಬೈಕಿಗೆ ಜ್ವರ ಬಂದಿದ್ಯಾ ಅಂತ. ಹತ್ತು ದಿನ ಆಯ್ತು, ಘಾಟಿ ಮೇಲೆ ಕೆಳಗೆ ಓಡಾಡಿದೀನಿ, ಕೆಳಗಿನ ರಟ್ಟು ಒಣಗಿದೆ.

ಉಳಿದ ಬಾತ್‌ರೂಮ್ ಟ್ಯೂಬನ್ನ ಅದರ ಜಾಗಕ್ಕೇ ಹಾಕ್ದೆ, ಬಚ್ಚಲುಮನೆ ಸಿಂಕ್ ಮೂಲೆಗೆ. ಅಲ್ಲಿ ಒಂದು ಹನಿ ಸೋರಲ್ಲ.